ಖಾಲಿ ತೋಟೆಗೆ ಮತ್ತೆ ಬಾರು

ಬಂದೂಕಿನ ಟ್ರಿಗರ್ ಎಳೆದ ಕ್ಷಣದಲ್ಲಿ ತೋಟೆಯ ನಾಲ್ಕು ಭಾಗಗಳಲ್ಲಿ ಮೂರು ಮುಗಿದುಹೋಗುತ್ತವೆ: ತಳದಲ್ಲಿ ಕೂತ ಕೇಪು ಸಿಡಿಯುತ್ತದೆ, ಒಳಗಿನ ಮದ್ದು ಉರಿದು ಅನಿಲವಾಗುತ್ತದೆ, ತುದಿಯ ಗುಂಡು ನಳಿಗೆಯನ್ನು ಬಿಟ್ಟು ಹಾರುತ್ತದೆ. ಉಳಿಯುವುದು ಈ ಮೂರನ್ನೂ ಒಂದಾಗಿ ಹಿಡಿದಿದ್ದ ಕವಚ, ಅಂದರೆ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಖಾಲಿ ಕೊಳವೆ ಮಾತ್ರ. ಮಲೆನಾಡಿನವರು ತೋಟೆ ಎನ್ನುವ, ಕಲಬುರಗಿಯ ಕಡೆ ಪೋರ್ಚುಗೀಸ್ ಮೂಲದಿಂದ ಉರ್ದುವಿನ ದಾರಿ ಹಿಡಿದು ಬಂದ ಕಾರತೂಸು ಎಂಬ ಹೆಸರಿನಿಂದ ಗುರುತಿಸುವ ಈ ವಸ್ತುವಿನಲ್ಲಿ ತಯಾರಿಕೆಯ ಖರ್ಚಿನ ದೊಡ್ಡ ಪಾಲು ನುಂಗುವುದು ಈ ಕವಚವೇ ಆದ್ದರಿಂದ, ಅದನ್ನು ಎಸೆಯದೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುವ ಪದ್ಧತಿಯೊಂದು ಅಮೆರಿಕದಂಥ ದೇಶಗಳಲ್ಲಿ ಬಹುಕಾಲದಿಂದ ಮನೆಯ ಹವ್ಯಾಸವಾಗಿ ಬೆಳೆದಿದೆ. ಅದಕ್ಕೆ ಬೇಕಾದ ಮುಖ್ಯ ಸಲಕರಣೆಯ ಹೆಸರು ಪ್ರೆಸ್. ಕಲಬುರಗಿಯ ಪೇಟೆಯಲ್ಲಿ ಪ್ರೆಸ್ ಎಂದು ಕೇಳಿದರೆ ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯನ್ನೋ ಇಸ್ತ್ರಿ ಮಾಡುವವರನ್ನೋ ತೋರಿಸುತ್ತಾರೆಯೇ ಹೊರತು ತೋಟೆಯ ಪ್ರೆಸ್ಸನ್ನು ಯಾರೂ ತೋರಿಸಲಾರರು. ಹಾಗೆ ತೋರಿಸಲು ಆಗದಿರುವುದಕ್ಕೆ ಒಂದು ಕಾನೂನಿನ ಕಾರಣವಿದೆ, ಮತ್ತು ಯಾವ ಪ್ರೆಸ್ ಒಳ್ಳೆಯದು ಎಂಬ ಪ್ರಶ್ನೆ ನಮ್ಮಲ್ಲಿ ಆ ಕಾರಣವನ್ನು ದಾಟಿಯೇ ಬರಬೇಕಾಗುತ್ತದೆ.

ತೋಟೆ ಹುಟ್ಟುವುದಕ್ಕೆ ಮುಂಚೆ ಮರುತುಂಬುವುದು ಎಂಬ ಬೇರೆ ಮಾತೇ ಇರಲಿಲ್ಲ. ಪ್ರತಿ ಈಡನ್ನೂ ಆಯುಧದ ಬಾಯಲ್ಲೇ ಜೋಡಿಸಬೇಕಿತ್ತು, ಕನ್ನಡದಲ್ಲಿ ಬಾರು ತುಂಬುವುದು ಎಂದರೆ ಅದೇ. ಆ ಕೆಲಸದ ಗಾತ್ರವನ್ನು ಅಳೆಯಲು ಕಲಬುರಗಿ ಕೋಟೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಮೇಲೆ ಬೆಳೆದ ಈ ಕೋಟೆಯಲ್ಲಿ 1367ರ ಜಾಮಿ ಮಸೀದಿ ಎಲ್ಲರ ಕಣ್ಣು ಸೆಳೆಯುತ್ತದೆ. ಆದರೆ ಬುರುಜಿನ ಮೇಲೆ ಮಲಗಿರುವ ಬಾರಾ ಗಜಿ ತೋಪು ಅದಕ್ಕೆ ಸಮನಾದ ಇನ್ನೊಂದು ಅಚ್ಚರಿ. ಇದರ ಉದ್ದ 29 ಅಡಿ ಎಂದು ಅಳೆಯಲಾಗಿದ್ದು, ಜಗತ್ತಿನಲ್ಲೇ ಅತಿ ಉದ್ದದ ತೋಪು ಇದೇ ಎಂಬ ವಾದವೂ ಇದೆ. ಹೆಸರಿನಲ್ಲಿರುವ ಬಾರಾ ಗಜಿ ಎಂದರೆ ಹನ್ನೆರಡು ಗಜದ್ದು ಎಂದರ್ಥ. 29 ಅಡಿಯನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಗಜಕ್ಕೆ 29 ಅಂಗುಲ ಬರುವುದರಿಂದ, ಇಲ್ಲಿ ಲೆಕ್ಕಕ್ಕೆ ಹಿಡಿದದ್ದು ಇಂದಿನ ಬಟ್ಟೆ ಅಂಗಡಿಯ ಮೂರಡಿಯ ಗಜವಲ್ಲ, ಅದಕ್ಕಿಂತ ಗಿಡ್ಡವಾದ ಯಾವುದೋ ಹಳೆಯ ಅಳತೆ ಎಂದು ಊಹಿಸಬಹುದು.

ಕನ್ನಡದಲ್ಲಿ ಗಜ ಎಂಬ ಮಾತಿಗೆ ಅಳತೆಯ ಜೊತೆಗೆ ಇನ್ನೊಂದು ಅರ್ಥವೂ ಇದೆ: ಕೋವಿಯ ಬಾಯಿಂದ ಮದ್ದನ್ನು ಒಳಕ್ಕೆ ಗಿಡಿಯುವ ಕೋಲು. ಬಾಯಿಂದ ತುಂಬುವ ಆಯುಧದಲ್ಲಿ ಗಜ ನಳಿಗೆಗಿಂತ ತುಸು ಉದ್ದವಾಗಿಯೇ ಇರಬೇಕು, ಇಲ್ಲವಾದರೆ ಅದು ತಳ ಮುಟ್ಟುವುದಿಲ್ಲ, ಮುಟ್ಟಿದರೂ ಹಿಡಿದು ಹೊರಗೆಳೆಯಲು ತುದಿ ಸಿಗುವುದಿಲ್ಲ. ಬಾರಾ ಗಜಿ ತೋಪನ್ನು ಬಾಯಿಂದಲೇ ತುಂಬುತ್ತಿದ್ದರೆಂದು ಇಟ್ಟುಕೊಂಡರೆ, ತುಂಬುವವನು ಬುರುಜಿನ ಅಂಚಿನಲ್ಲಿ ನಿಂತು ಮೂವತ್ತು ಅಡಿಗೂ ಮೀರಿದ ಕೋಲನ್ನು ಬಾಗದಂತೆ ಒಳಕ್ಕೆ ತಳ್ಳಿ, ಮೊದಲು ಮದ್ದು, ಅದರ ಮೇಲೆ ನಾರಿನ ಅಥವಾ ಚಿಂದಿಯ ಬೆಣೆ, ಅದರ ಮೇಲೆ ಗುಂಡು ಎಂಬ ಕ್ರಮದಲ್ಲಿ ಜಡಿದು, ಹಿಂದಿನ ಕಿವಿಯಲ್ಲಿ, ಅಂದರೆ ಬೆಂಕಿ ಮುಟ್ಟಿಸುವ ಸಣ್ಣ ರಂಧ್ರದಲ್ಲಿ, ಹುಡಿ ಮದ್ದು ಸುರಿದು ಬತ್ತಿ ಹಿಡಿಯುವ ಹೊತ್ತಿಗೆ, ಎದುರಾಳಿಯ ದಂಡು ಆರಾಮವಾಗಿ ಬೇರೊಂದು ಕಡೆಗೆ ಸರಿದಿರಬಹುದಿತ್ತು. ತೋಪಿನ ಉದ್ದ ಹೆಮ್ಮೆಯ ಸಂಗತಿಯೇ ಹೌದಾದರೂ ತುಂಬುವವನ ದೃಷ್ಟಿಯಿಂದ ನೋಡಿದರೆ ಅದು ಒಂದು ಪೀಡೆ. ವಿಜಯಪುರದ ಮಲಿಕ್-ಎ-ಮೈದಾನ್ ಇದಕ್ಕೆ ತದ್ವಿರುದ್ಧ ಮಾದರಿ: 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪಿನ ಉದ್ದ ಹದಿನೈದು ಅಡಿಯನ್ನೂ ಮುಟ್ಟುವುದಿಲ್ಲ, ಬಾಯಿ ಮಾತ್ರ ಆಳೊಬ್ಬ ತೂರುವಷ್ಟು ಅಗಲ.

ಕಲಬುರಗಿಗೆ ಮದ್ದು ಯಾವಾಗ ಬಂತು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಒಂದನೆಯ ಮುಹಮ್ಮದ್ ಷಾ ಬಹಮನಿ 1366ರ ಸುಮಾರಿಗೆ ವಿಜಯನಗರದೊಡನೆ ನಡೆಸಿದ ಯುದ್ಧದ ಸಂದರ್ಭದಲ್ಲಿ ತೋಪಿನ ಕಾರಖಾನೆಯೊಂದನ್ನು ಏರ್ಪಡಿಸಿದನೆಂದೂ ಅದರಲ್ಲಿ ರೂಮಿಗಳೂ (ತುರ್ಕರೂ) ಫಿರಂಗಿಗಳೂ (ಯೂರೋಪಿನವರೂ) ದುಡಿಯುತ್ತಿದ್ದರೆಂದೂ ಇತಿಹಾಸಕಾರ ಫೆರಿಸ್ತಾ ಬರೆಯುತ್ತಾನೆ. ಆದರೆ ಫೆರಿಸ್ತಾ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ ಹದಿನೇಳನೆಯ ಶತಮಾನದ ಆರಂಭದಲ್ಲಿ ಕೂತು ಎರಡೂವರೆ ಶತಮಾನದ ಹಿಂದಿನದನ್ನು ಬರೆದವನು. ತನ್ನ ಕಾಲದ ತೋಪುಗಳ ಮಾತನ್ನು ಹಿಂದಿನ ಕಾಲಕ್ಕೆ ಹೊರಿಸಿದ್ದಾನೆಂಬ ಅನುಮಾನ ವಿದ್ವಾಂಸರಲ್ಲಿದೆ, ಮತ್ತು ಆ ಅನುಮಾನ ನ್ಯಾಯವಾದದ್ದೇ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯಡಿ ಸುರಂಗ ತೋಡಿ ಮದ್ದು ಸಿಡಿಸಿದ ವಿಷಯ ಹೆಚ್ಚು ಗಟ್ಟಿಯಾದದ್ದು. ಆ ಹೊತ್ತಿಗೆ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಗಿ ಆಗಿತ್ತು.

ತೋಪಿನಂತೆಯೇ ಕೈಯಲ್ಲಿ ಹಿಡಿಯುವ ಬಂದೂಕಿಗೂ ಹತ್ತೊಂಬತ್ತನೆಯ ಶತಮಾನದವರೆಗೆ ಇದೇ ಗಜ, ಇದೇ ಮದ್ದು, ಇದೇ ಕ್ರಮ. ಅಳೆದ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿ ಸಿದ್ಧವಾಗಿಟ್ಟುಕೊಳ್ಳುವುದು ಮೊದಲ ಸುಧಾರಣೆಯಾಯಿತು. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಅಂಥ ಕೊಬ್ಬು ಸವರಿದ ಕಾಗದದ ತೋಟೆಯೇ 1857ರ ಸಿಪಾಯಿಗಳ ಕ್ರೋಧಕ್ಕೆ ಕಿಡಿಯಾಯಿತೆಂಬುದು ಶಾಲೆಯ ಪಾಠದಲ್ಲೇ ಇದೆ. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಕವಚದಲ್ಲಿ ಕೂಡಿಸುವ ಯೋಚನೆಯನ್ನು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಸ್ವಿಸ್ ಕುಶಲಿ ಪೌಲಿ 1812ರಲ್ಲೇ ಮಾಡಿ ತೋರಿಸಿದ್ದನಾದರೂ, ಅದು ಎಲ್ಲರ ಕೈಗೆ ಬಂದದ್ದು ಆ ಶತಮಾನದ ಉತ್ತರಾರ್ಧದಲ್ಲಿ. 1866ರ ಆಸುಪಾಸಿನಲ್ಲಿ ಎರಡು ಬಗೆಯ ಕೇಪುಗಳು ಬಂದವು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಬಗೆಯಲ್ಲಿ ಕೇಪಿನ ಹೊಡೆತ ತಾಳುವ ಪುಟ್ಟ ಅಡಿಗಲ್ಲು ಕೇಪಿನೊಳಗೇ ಇದ್ದು, ಕವಚದ ತಳದಲ್ಲಿ ನಡುವೆ ಒಂದೇ ತೂತಿರುತ್ತದೆ; ಅಮೆರಿಕದ ಹೈರಮ್ ಬರ್ಡನ್ ರೂಪಿಸಿದ ಬಗೆಯಲ್ಲಿ ಅಡಿಗಲ್ಲು ಕವಚದ ಭಾಗವಾಗಿಯೇ ಇದ್ದು, ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತುಗಳಿರುತ್ತವೆ. ಇದು ಬರೀ ವಿವರವಲ್ಲ, ಮರುತುಂಬುವವನ ಹಣೆಬರಹವೇ ಇದರಲ್ಲಿದೆ. ನಡುವೆ ಒಂದು ತೂತಿದ್ದರೆ ಮೇಲಿನಿಂದ ಸೂಜಿಯಂಥ ಕಡ್ಡಿ ಇಳಿಸಿ ಸತ್ತ ಕೇಪನ್ನು ಒಂದೇ ಒತ್ತಿಗೆ ಉದುರಿಸಬಹುದು, ಬರ್ಡನ್ ಕವಚದಲ್ಲಿ ಅದೇ ಕಡ್ಡಿ ಅಡಿಗಲ್ಲಿಗೆ ಬಡಿದು ಮುರಿಯುತ್ತದೆ. ವಿಚಿತ್ರವೆಂದರೆ ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಗೊಂಡಿತು, ಅಮೆರಿಕದವನ ಕೇಪು ಯೂರೋಪಿನ ಸೈನ್ಯಗಳಲ್ಲಿ ನೆಲೆಗೊಂಡಿತು. ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೇರೂರಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಪ್ರೆಸ್ಸಿನ ಕೆಲಸವನ್ನು ನೋಡಬಹುದು. ಗುಂಡು ಹಾರುವಾಗ ಒಳಗಿನ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ಬಂದೂಕಿನ ಗೂಡಿಗೆ ಗಟ್ಟಿಯಾಗಿ ಅಂಟಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ, ಒತ್ತಡ ಇಳಿದಾಗ ತುಸು ಕುಗ್ಗಿ ಹೊರಬರುತ್ತದೆ; ಆದರೆ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಅದನ್ನು ಹಿಂಡಿ ಮೊದಲಿನ ಅಳತೆಗೆ ತರುವುದು ಕೈಯ ಬಲಕ್ಕೆ ಆಗದ ಮಾತು, ಅದಕ್ಕಾಗಿಯೇ ಸನ್ನೆಯ ಬಲದ ಪ್ರೆಸ್ ಬೇಕಾಗುವುದು. ಮೇಜಿಗೆ ಬಿಗಿದ ಲೋಹದ ಚೌಕಟ್ಟು, ಅದರ ತಲೆಯಲ್ಲಿ ತಿರುಪಿನಿಂದ ಕೂರಿಸಿದ ಅಚ್ಚು, ಕೆಳಗಿನಿಂದ ಮೇಲಕ್ಕೆ ಏರುವ ದಿಂಡು, ದಿಂಡಿನ ತುದಿಯಲ್ಲಿ ಕವಚದ ಅಂಚನ್ನು ಹಿಡಿಯುವ ಬಿಲ್ಲೆ, ಪಕ್ಕದಲ್ಲಿ ಉದ್ದನೆಯ ಹಿಡಿ: ಇಷ್ಟೇ ಅದರ ಅಂಗಗಳು. ಹಿಡಿಯನ್ನು ಕೆಳಗೆಳೆದರೆ ದಿಂಡು ಮೇಲೇರಿ ಕವಚವನ್ನು ಅಚ್ಚಿನೊಳಕ್ಕೆ ನುಗ್ಗಿಸುತ್ತದೆ. ಒಂದು ಅಚ್ಚು ಕವಚವನ್ನು ಹಿಂಡಿ ಸತ್ತ ಕೇಪನ್ನು ತೆಗೆಯುತ್ತದೆ, ಇನ್ನೊಂದು ಬಾಯನ್ನು ತುಸು ಅರಳಿಸುತ್ತದೆ, ಮತ್ತೊಂದು ಗುಂಡನ್ನು ನಿಶ್ಚಿತ ಆಳಕ್ಕೆ ಕೂರಿಸುತ್ತದೆ. ಹೊಸ ಕೇಪು ಕೂರಿಸುವುದು ಮತ್ತು ಮದ್ದು ತೂಗಿ ಹಾಕುವುದು ಇವುಗಳ ನಡುವೆ ಬರುವ ಕೆಲಸಗಳು. ಹೆಚ್ಚಿನ ತಯಾರಕರು ಅಚ್ಚಿನ ತಿರುಪನ್ನು ಒಂದಂಗುಲದ ಎಂಟರಲ್ಲಿ ಏಳು ಭಾಗದ ವ್ಯಾಸಕ್ಕೆ, ಅಂಗುಲಕ್ಕೆ 14 ಸುತ್ತಿನ ಲೆಕ್ಕದಲ್ಲಿ ಮಾಡುವುದರಿಂದ ಒಬ್ಬರ ಅಚ್ಚು ಇನ್ನೊಬ್ಬರ ಪ್ರೆಸ್ಸಿಗೆ ಕೂರುತ್ತದೆ. ಪೈಪೋಟಿಯ ವ್ಯಾಪಾರದಲ್ಲಿ ಇಂಥ ಒಪ್ಪಂದ ಅಪರೂಪವೇ ಸರಿ.

ಪ್ರೆಸ್ಸುಗಳಲ್ಲಿ ಮೂರು ಜಾತಿ. ಒಂದೇ ಅಚ್ಚನ್ನು ಹಿಡಿಯುವ ಸರಳ ಪ್ರೆಸ್ಸಿನಲ್ಲಿ ಐವತ್ತು ಕವಚಗಳಿಗೆ ಒಂದು ಕೆಲಸ ಮುಗಿಸಿ, ಅಚ್ಚು ಬದಲಿಸಿ, ಅದೇ ಐವತ್ತಕ್ಕೆ ಮುಂದಿನ ಕೆಲಸ ಮಾಡಬೇಕು. ತಿರುಗುವ ತಲೆಯ ಪ್ರೆಸ್ಸಿನಲ್ಲಿ ಎಲ್ಲ ಅಚ್ಚುಗಳೂ ಒಂದು ಬಿಲ್ಲೆಯ ಮೇಲೆ ನಿಂತಿದ್ದು, ತಲೆಯನ್ನು ತಿರುಗಿಸಿದರೆ ಮುಂದಿನ ಅಚ್ಚು ಎದುರಿಗೆ ಬರುತ್ತದೆ. ಸಾಲುಗೆಲಸದ ಪ್ರೆಸ್ಸಿನಲ್ಲಿ, ಅಮೆರಿಕದ ಡಿಲನ್ ಕಂಪನಿಯ ಹೆಸರಿನೊಡನೆ ಬೆಸೆದ ಜಾತಿಯಲ್ಲಿ, ಕವಚಗಳೇ ಸುತ್ತುತ್ತ ಒಂದೊಂದು ನಿಲ್ದಾಣದಲ್ಲಿ ಒಂದೊಂದು ಕೆಲಸಕ್ಕೆ ಒಳಗಾಗುವುದರಿಂದ ಹಿಡಿಯ ಪ್ರತಿ ಎಳೆತಕ್ಕೂ ಒಂದು ಪೂರ್ಣ ತೋಟೆ ಉದುರುತ್ತದೆ. ವೇಗವನ್ನೇ ನೋಡುವವರು ಮೂರನೆಯದನ್ನು ಹೊಗಳುತ್ತಾರೆ; ಆದರೆ ಹೊಸಬನ ಪಾಲಿಗೆ ಮೊದಲನೆಯದೇ ಸರಿ ಎಂಬುದರಲ್ಲಿ ಈ ಕೆಲಸ ಬಲ್ಲವರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ, ಮತ್ತು ಅದರ ಕಾರಣ ಉಳಿತಾಯದ್ದಲ್ಲ, ಕಣ್ಣಿನದು. ಸರಳ ಪ್ರೆಸ್ಸಿನಲ್ಲಿ ಮದ್ದು ಹಾಕಿದ ಐವತ್ತು ಕವಚಗಳು ತೂತು ಕೊರೆದ ಮರದ ಹಲಗೆಯಲ್ಲಿ ಬಾಯಿ ಮೇಲೆ ಮಾಡಿ ಒಟ್ಟಿಗೆ ನಿಲ್ಲುತ್ತವೆ. ಮೇಲಿನಿಂದ ದೀಪ ಹಿಡಿದು ಸಾಲಾಗಿ ನೋಡಿದರೆ ಒಂದರಲ್ಲಿ ಮದ್ದಿನ ಮಟ್ಟ ಮಿಕ್ಕವಕ್ಕಿಂತ ಮೇಲಿರುವುದು ಅಥವಾ ಒಂದು ಬರಿದಾಗಿರುವುದು ತಕ್ಷಣ ಕಾಣುತ್ತದೆ. ಹೊಗೆರಹಿತ ಮದ್ದು, ಅಂದರೆ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಕಂಡುಹಿಡಿದ ಜಾತಿಯ ಮದ್ದು, ಕರಿಮದ್ದಿಗಿಂತ ಬಹಳ ಕಡಿಮೆ ಜಾಗದಲ್ಲಿ ಅಷ್ಟೇ ಬಲ ಕೊಡುವುದರಿಂದ ಪಿಸ್ತೂಲಿನ ಕವಚದಲ್ಲಿ ಮರೆತು ಎರಡು ಸಲ ಹಾಕಿದರೂ ತುಂಬಿ ಚೆಲ್ಲುವುದಿಲ್ಲ. ಚೆಲ್ಲದ ಆ ತಪ್ಪು ಮುಂದೆ ಬಂದೂಕನ್ನೂ ಹಿಡಿದ ಕೈಯನ್ನೂ ಒಡೆಯುತ್ತದೆ.

ಚೌಕಟ್ಟಿನ ಆಕಾರವೂ ಆಯ್ಕೆಯ ವಿಷಯ. ಮುಂಭಾಗ ತೆರೆದ ಚೌಕಟ್ಟಿನಲ್ಲಿ ಬೆರಳಾಡಿಸಲು ಅನುಕೂಲ, ಆದರೆ ಭಾರ ಬಿದ್ದಾಗ ಅದು ತುಸು ಬಾಯಿಬಿಡುತ್ತದೆ. ಉಂಗುರದಂತೆ ಮುಚ್ಚಿದ ಚೌಕಟ್ಟು ಅಷ್ಟಾಗಿ ಬಾಗುವುದಿಲ್ಲ, ಗುಂಡು ಕೂರುವ ಆಳ ಒಂದರಿಂದ ಇನ್ನೊಂದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1943ರಲ್ಲಿ ಫ್ರೆಡ್ ಹಂಟಿಂಗ್‌ಟನ್ ಆರಂಭಿಸಿದ ಆರ್‌ಸಿಬಿಎಸ್ ಕಂಪನಿಯ ಎರಕದ ಕಬ್ಬಿಣದ ಪ್ರೆಸ್ಸುಗಳು ಈ ಎರಡನೆಯ ಗುಣಕ್ಕೆ ಹೆಸರಾದವು; ವಿಸ್ಕಾನ್ಸಿನ್ನಿನ ಲೀ ಕಂಪನಿ ಇದಕ್ಕೆ ವಿರುದ್ಧವಾಗಿ ಅಗ್ಗದ, ಹಗುರ ಸಲಕರಣೆಗಳಿಂದ ಬೆಳೆಯಿತು. ಚೌಕಟ್ಟಿನಷ್ಟೇ ಮುಖ್ಯವಾದದ್ದು ಅದನ್ನು ಬಿಗಿಯುವ ಮೇಜು. ಕಲಬುರಗಿ ಜಿಲ್ಲೆಯ ಮನೆಗಳಲ್ಲಿ ನೆಲಕ್ಕೂ ಅಡುಗೆಕಟ್ಟೆಗೂ ಹಾಸುವ ಶಹಾಬಾದ್ ಕಲ್ಲು ಎಷ್ಟು ಗಟ್ಟಿಯೆನಿಸಿದರೂ, ತೂತು ಕೊರೆದು ಬೋಲ್ಟು ಹಾಕಿ ಸನ್ನೆಯ ಎಳೆತಕ್ಕೆ ಒಡ್ಡಿದರೆ ಪದರ ಪದರವಾಗಿ ಬಿರುಕುಬಿಡುವ ಜಾತಿಯದು; ಇಂಥ ಕೆಲಸಕ್ಕೆ ದಪ್ಪ ಮರದ ಹಲಗೆಯೇ ಬೇಕು. ಬಿಸಿಲಿನ ವಿಷಯವನ್ನೂ ಮರೆಯುವಂತಿಲ್ಲ: ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿಟ್ಟ ಹೊಗೆರಹಿತ ಮದ್ದು ಬೇಗ ಕೆಡುತ್ತದೆ, ಕಾದ ತೋಟೆ ತಣ್ಣಗಿನ ತೋಟೆಗಿಂತ ಹೆಚ್ಚಿನ ಒತ್ತಡ ಹುಟ್ಟಿಸುತ್ತದೆ. ತಂಪು ದೇಶದಲ್ಲಿ ಬರೆದ ಮದ್ದಿನ ಪ್ರಮಾಣದ ಕೋಷ್ಟಕವನ್ನು ಇಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ದೇಶದ ಗುರಿಕಾರರಲ್ಲಿ ಎಷ್ಟು ಮಂದಿಗೆ ಪ್ರೆಸ್ ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದರೆ ಉತ್ತರ ನಿರಾಶೆಯದು. ಒಲಿಂಪಿಕ್ಸಿನಲ್ಲಿ ಭಾರತ 2024ರವರೆಗೆ ಶೂಟಿಂಗಿನಲ್ಲಿ ಗೆದ್ದ ಪದಕಗಳು ಏಳು. ಅಭಿನವ್ ಬಿಂದ್ರಾ 2008ರಲ್ಲಿ, ಗಗನ್ ನಾರಂಗ್ 2012ರಲ್ಲಿ, ಮನು ಭಾಕರ್ ಒಂಟಿಯಾಗಿಯೂ ಸರಬ್ಜೋತ್ ಸಿಂಗ್ ಜೊತೆಯಾಗಿಯೂ 2024ರಲ್ಲಿ ಗೆದ್ದ ನಾಲ್ಕು ಪದಕಗಳು ಗಾಳಿಬಂದೂಕು, ಗಾಳಿಪಿಸ್ತೂಲಿನವು. ಅವುಗಳಲ್ಲಿ ಮದ್ದೇ ಇಲ್ಲ. 2012ರ ವಿಜಯ್ ಕುಮಾರ್ ಮತ್ತು 2024ರ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಬಳಸಿದ್ದು ಪಾಯಿಂಟ್ ಇಪ್ಪತ್ತೆರಡರ ತೋಟೆ. ಅದರಲ್ಲಿ ಪ್ರತ್ಯೇಕ ಕೇಪು ಇರದೆ ಸಿಡಿಯುವ ಮಸಾಲೆಯನ್ನು ಕವಚದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ, ಹೊಡೆದ ಮೇಲೆ ಆ ಅಂಚು ಜಜ್ಜಿಹೋಗುವುದರಿಂದ ಯಾವ ಪ್ರೆಸ್ಸಿನಿಂದಲೂ ಅದಕ್ಕೆ ಮರುಜೀವ ಬರುವುದಿಲ್ಲ. ಉಳಿದದ್ದು 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಹಾರುವ ತಟ್ಟೆಗಳಿಗೆ ಗುರಿಯಿಟ್ಟು ಗೆದ್ದ ಬೆಳ್ಳಿ. ತಾತ್ವಿಕವಾಗಿ ಮತ್ತೆ ತುಂಬಬಹುದಾದ ಚರೆಯ, ಅಂದರೆ ಸಣ್ಣ ಕಾಳುಗುಂಡುಗಳ, ತೋಟೆ ಆ ಒಂದು ಪದಕದಲ್ಲಷ್ಟೇ ಇದೆ.

ನಮ್ಮ ಜಿಲ್ಲೆಗಳಲ್ಲಿ ಲೈಸೆನ್ಸಿನ ಮೇಲೆ ಹೆಚ್ಚಾಗಿ ಕಾಣುವ ಹನ್ನೆರಡು ಬೋರಿನ ಬಂದೂಕೂ ಇದೇ ಚರೆಯ ತೋಟೆಯದು. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮಗುಂಡುಗಳನ್ನು ಮಾಡಿದರೆ ಅವುಗಳಲ್ಲಿ ಒಂದು ಸರಿಯಾಗಿ ಹೋಗುವಷ್ಟು ಅಗಲದ ನಳಿಗೆಗೆ ಹನ್ನೆರಡು ಬೋರು ಎನ್ನುತ್ತಾರೆ. ಆ ಅಗಲ ಹದಿನೆಂಟೂವರೆ ಮಿಲಿಮೀಟರು. ಅದರ ಕವಚಕ್ಕೆ ಬೇರೆ ಜಾತಿಯ ಪ್ರೆಸ್ಸೇ ಬೇಕು, ಹಿತ್ತಾಳೆ ಹಿಂಡುವ ಪ್ರೆಸ್ ಅಲ್ಲಿ ನಡೆಯುವುದಿಲ್ಲ. ಈ ತೋಟೆಗಳನ್ನು ದೇಶದಲ್ಲಿ ಬಹುಕಾಲದಿಂದ ತಯಾರಿಸುತ್ತ ಬಂದಿರುವುದು ಪುಣೆಯ ಖಡಕಿಯಲ್ಲಿ 1869ರಲ್ಲಿ ಸ್ಥಾಪನೆಯಾದ ಮದ್ದುಗುಂಡು ಕಾರ್ಖಾನೆ. 2021ರ ಅಕ್ಟೋಬರಿನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಭಾಗ.

ಕಾನೂನು ಬರುವುದು ಇಲ್ಲಿ. ಕನ್ನಡನಾಡಿಗೆ ಆಯುಧದ ಕಾನೂನಿನ ಪರಿಚಯ ಆದದ್ದು ಕಾಗದದ ಮೇಲಲ್ಲ: 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ನಿಂತರು, ಆ ವರ್ಷದ ನವೆಂಬರಿನಲ್ಲಿ ಊರು ಸುಟ್ಟುಹೋಯಿತು, ಲಾವಣಿ ಉಳಿಯಿತು. 1878ರ ಶಸ್ತ್ರ ಕಾಯ್ದೆಯ ಜಾಗದಲ್ಲಿ ಸ್ವತಂತ್ರ ಭಾರತ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ತಂದಿತು. ಈ ಕಾಯ್ದೆಯ ಎರಡನೆಯ ಕಲಂ ಮದ್ದುಗುಂಡು ಎಂದರೇನೆಂದು ವಿವರಿಸುವಾಗ ತೋಟೆ, ಸ್ಫೋಟಕಗಳ ಜೊತೆಗೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸುತ್ತದೆ. ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಮೇಜಿಗೆ ಬಿಗಿದ ಕಬ್ಬಿಣದ ಪ್ರೆಸ್ಸಿನಲ್ಲಿ ಒಂದು ಚಿಟಿಕೆ ಮದ್ದಿಲ್ಲದಿದ್ದರೂ, ಅದು ತೋಟೆ ತಯಾರಿಸುವ ಯಂತ್ರವಾಗಿರುವ ಕಾರಣಕ್ಕೆ ಕಾನೂನಿನ ಕಣ್ಣಿನಲ್ಲಿ ಅದೂ ಮದ್ದುಗುಂಡೇ ಆಗಿಬಿಡುತ್ತದೆ. ಮೂರನೆಯ ಕಲಂ ಬಂದೂಕು ಮತ್ತು ಮದ್ದುಗುಂಡನ್ನು ಹೊಂದುವುದಕ್ಕೆ ಲೈಸೆನ್ಸ್ ಬೇಕೆನ್ನುತ್ತದೆ. ಐದನೆಯ ಕಲಂ ತಯಾರಿಸುವುದಕ್ಕೆ, ಮಾರುವುದಕ್ಕೆ, ಮಾರ್ಪಡಿಸುವುದಕ್ಕೆ ಆ ಕೆಲಸಕ್ಕೆಂದೇ ಕೊಟ್ಟ ಬೇರೆ ಲೈಸೆನ್ಸ್ ಬೇಕೆನ್ನುತ್ತದೆ. ಆದ್ದರಿಂದ ಬಂದೂಕಿನ ಲೈಸೆನ್ಸ್ ಇದೆ ಎಂಬ ಒಂದೇ ಧೈರ್ಯದಿಂದ ಖಾಲಿ ತೋಟೆಗೆ ಮನೆಯಲ್ಲಿ ಮದ್ದು ತುಂಬಲು ಕೂರುವಂತಿಲ್ಲ. 2019ರ ತಿದ್ದುಪಡಿಯ ನಂತರ ಐದನೆಯ ಕಲಂ ಮುರಿದವರಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಹವ್ಯಾಸಕ್ಕೂ ಗುಡಿಸಲಿನಲ್ಲಿ ಕಂಟ್ರಿ ಪಿಸ್ತೂಲು ಮಾಡುವವನ ದಂಧೆಗೂ ಒಂದೇ ಕಲಂ ಅನ್ವಯಿಸುವುದು ಕಠೋರವೆಂದು ಗುರಿಕಾರರಿಗೆ ಅನ್ನಿಸಬಹುದು. ಆದರೆ ಎಣಿಸಿ ಮಾರಿದ ತೋಟೆಗಳ ಲೆಕ್ಕವನ್ನೇ ನೆಚ್ಚಿಕೊಂಡ ವ್ಯವಸ್ಥೆಯಲ್ಲಿ, ಎಣಿಕೆಗೆ ಸಿಗದ ತೋಟೆ ಹುಟ್ಟಿಸುವ ಯಂತ್ರಕ್ಕೆ ಸಡಿಲ ಬಿಡುವುದು ಸಾಧ್ಯವಿಲ್ಲವೆಂಬುದೂ ಅಷ್ಟೇ ನಿಜ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ ಲೈಸೆನ್ಸ್ ವಿನಾಯಿತಿಯನ್ನು ಕೆಲವರು ಇಲ್ಲಿ ನೆನೆಯುವುದುಂಟು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತೋಟೆಯ ಕಾರ್ಖಾನೆ ಹೂಡುವುದಕ್ಕಲ್ಲ.

ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವ ರಸ್ತೆಯಲ್ಲಿರುವ ಕಮಲಾಪುರಕ್ಕೆ ಬಂದರೆ ವಿಷಯ ಬೇರೆಯೇ ಬಣ್ಣ ಪಡೆಯುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕೆಂಪು ಬಾಳೆಯಿಂದ ಈ ಊರಿಗೆ ಹೆಸರು. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ನೆಲದಲ್ಲಿ ನಿಂತು ಗೊನೆ ಕೊಡುವ ಬೆಳೆಯಾದ್ದರಿಂದ ಅದನ್ನು ಕಾಯುವ ದಿನಗಳೂ ಹೆಚ್ಚು. ಬಾಳೆಯ ಬುಡ ಅಗೆಯುವ, ಕಬ್ಬು ಜೋಳ ಮುರಿಯುವ ಕಾಡುಹಂದಿ ಉತ್ತರ ಕರ್ನಾಟಕದ ರೈತರಿಗೆಲ್ಲ ಪರಿಚಿತ ವೈರಿ. ಶಸ್ತ್ರಾಸ್ತ್ರ ಕಾಯ್ದೆಯ ಹದಿಮೂರನೆಯ ಕಲಂ ಇಂಥ ರೈತನನ್ನು ಮರೆತಿಲ್ಲ: ಪ್ರಾಮಾಣಿಕವಾದ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿ ಕೇಳಿದವನಿಗೆ, ನಿರಾಕರಿಸಲು ಕಾಯ್ದೆಯೇ ಹೇಳಿದ ಕಾರಣಗಳಿಲ್ಲದಿದ್ದರೆ, ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ, ಆ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಬಂದೂಕಿಗೂ ಕೊಡಬಹುದೆನ್ನುತ್ತದೆ. ಅರ್ಜಿ ಹೋಗಬೇಕಾದದ್ದು ಕಲಬುರಗಿ ನಗರದಲ್ಲಾದರೆ ಪೊಲೀಸ್ ಕಮಿಷನರಿಗೆ, ಕಮಲಾಪುರದಂಥ ತಾಲ್ಲೂಕಿನಿಂದಾದರೆ ಜಿಲ್ಲಾಧಿಕಾರಿಗೆ. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಹಂದಿಯನ್ನು ಹೊಡೆದುರುಳಿಸುವ ಹಕ್ಕು ಬರುವುದಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿ, ಕೊಲ್ಲುವುದಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ಕೋವಿಯ ನಿತ್ಯದ ಕೆಲಸ ಸದ್ದು ಮಾಡಿ ಓಡಿಸುವುದು. ಚುನಾವಣೆ ಘೋಷಣೆಯಾದಾಗ ಸಾಮಾನ್ಯವಾಗಿ ಅದನ್ನೂ ಠಾಣೆಗೆ ಒಪ್ಪಿಸಬೇಕಾಗುತ್ತದೆ, ಹಂದಿಗೆ ಮಾತ್ರ ನೀತಿಸಂಹಿತೆ ಅನ್ವಯಿಸುವುದಿಲ್ಲ.

ಈ ಕೋವಿ ತುಂಬುವ ಕ್ರಮ ಬಾರಾ ಗಜಿ ತೋಪಿನ ಕ್ರಮವೇ: ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಳೆದ ಕರಿಮದ್ದು ಸುರಿದು, ಮೇಲೆ ನಾರಿನ ಉಂಡೆ, ಅದರ ಮೇಲೆ ಚರೆ, ಮತ್ತೆ ಒಂದು ಉಂಡೆ, ಪ್ರತಿಯೊಂದಕ್ಕೂ ಗಜದ ಒತ್ತು, ಒಳಗಿನ ಬಾರು ಗಟ್ಟಿಯಾಗಿ ಕೂತಾಗ ಗಜ ಮೊದಲಿನಂತೆ ಮೆತ್ತಗೆ ನಿಲ್ಲದೆ ಠಣ್ಣೆಂದು ಮೇಲಕ್ಕೆ ಪುಟಿಯುತ್ತದೆ, ಆಮೇಲಷ್ಟೇ ನಳಿಗೆಯ ಹಿಂತುದಿಯ ಮೊಲೆಯಂಥ ಕೊಳವೆಯ ಮೇಲೆ ತಾಮ್ರದ ಕೇಪು. ಅಮೆರಿಕದ ಹವ್ಯಾಸಿ ಸಾವಿರಾರು ರೂಪಾಯಿಯ ಪ್ರೆಸ್ಸಿನಲ್ಲಿ ಮಾಡುವ ಕೆಲಸವನ್ನು ಈ ರೈತ ಒಂದು ಕೋಲಿನಿಂದ, ಕಾನೂನಿನ ಒಪ್ಪಿಗೆಯೊಡನೆ ಮಾಡುತ್ತಾನೆ. ಇಲ್ಲಿ ಕವಚ ನಳಿಗೆಯೇ, ಅದು ಹಿಗ್ಗಿ ಹಾಳಾಗುವುದೂ ಇಲ್ಲ, ಎಣಿಸಿ ಕೊಡಬೇಕಾದ ಖಾಲಿ ತೋಟೆಯೂ ಉಳಿಯುವುದಿಲ್ಲ. ಒಂದು ಎಚ್ಚರ ಮಾತ್ರ ಇಲ್ಲಿ ಪ್ರೆಸ್ಸಿನವನಿಗಿಂತ ಹೆಚ್ಚು ಬೇಕು: ಕರಿಮದ್ದಿಗೆಂದೇ ಮಾಡಿದ ಈ ನಳಿಗೆಗೆ ತೋಟೆ ಒಡೆದು ತೆಗೆದ ಹೊಗೆರಹಿತ ಮದ್ದನ್ನು ಹಾಕಿದರೆ ನಳಿಗೆ ಸೀಳುತ್ತದೆ, ಮತ್ತು ಸೀಳುವ ಜಾಗ ಹೆಚ್ಚಾಗಿ ಕೆನ್ನೆಯ ಪಕ್ಕದ್ದೇ ಆಗಿರುತ್ತದೆ.

ಹನ್ನೆರಡು ಬೋರು ಅಥವಾ ರೈಫಲ್ ಇದ್ದು ಪ್ರೆಸ್ ಕೊಳ್ಳುವ ಮನಸ್ಸಿರುವ ಗುರಿಕಾರರು ಮೊದಲು ಲೈಸೆನ್ಸ್ ಕೊಟ್ಟ ಕಚೇರಿಗೆ ಲಿಖಿತ ಅರ್ಜಿ ಹಾಕಿ ಲಿಖಿತ ಉತ್ತರವನ್ನೇ ಪಡೆಯಬೇಕು, ಬಾಯಿಮಾತಿನ ಒಪ್ಪಿಗೆಯನ್ನು ನಂಬಬಾರದು. ಉತ್ತರ ಕೈಸೇರುವವರೆಗೆ ವಿದೇಶದಿಂದ ಪಾರ್ಸೆಲ್ಲಿನಲ್ಲಿ ತರಿಸುವ ಸಾಹಸಕ್ಕೂ ಹೋಗಬಾರದು. ಒಪ್ಪಿಗೆ ಸಿಕ್ಕಿದ್ದೇ ಆದರೆ ರೈಫಲ್ಲಿಗೆ ಮುಚ್ಚಿದ ಚೌಕಟ್ಟಿನ, ಎರಕದ ಕಬ್ಬಿಣದ, ಒಂದೇ ಅಚ್ಚಿನ ಪ್ರೆಸ್ ಸಾಕು, ಹನ್ನೆರಡು ಬೋರಿಗೆ ಚರೆಯ ತೋಟೆಯ ಪ್ರೆಸ್ಸೇ ಬೇಕು.